ಮೂರನೆಯ ಸಾಲು

ಇಲಿಮನೆಯ ಬಾಗಿಲು ತೆರೆದರೆ ಮೊದಲು ಮೂಗಿಗೆ ಬರುವುದು ಮರದ ಹೊಟ್ಟಿನ ವಾಸನೆ, ಆಮೇಲೆ ಫಿನಾಯಿಲ್‌ನದು, ಕೊನೆಗೆ ಇಲಿಗಳದು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೂರನೆಯದು ಬರುವಷ್ಟರಲ್ಲಿ ಹೊರಗೆ ಓಡುತ್ತಿದ್ದರು. ಅವಳಿಗೆ ಮಾತ್ರ ಆ ವಾಸನೆ ಬಂದ ಕೂಡಲೆ ಮನಸ್ಸು ತಹಬಂದಿಗೆ ಬರುತ್ತಿತ್ತು. ಬೆಳಗಿನ ಬಸ್ಸಿನ ನೂಕುನುಗ್ಗಲು, ಒಲೆಯ ಮೇಲೆ ಉಕ್ಕಿದ ಹಾಲು ಎಲ್ಲವೂ ಬಾಗಿಲಿನ ಹೊರಗೇ ಉಳಿಯುತ್ತಿದ್ದವು.

ಅವಳು ಆ ಪ್ರಯೋಗಾಲಯದಲ್ಲಿ ಆಹಾರ ಪರೀಕ್ಷೆಗಳ ಮುಖ್ಯಸ್ಥೆ. ಹೊಸ ಬಗೆಯ ಕಾಳೋ ಎಣ್ಣೆಯೋ ಜನರ ತಟ್ಟೆಗೆ ಹೋಗುವ ಮುಂಚೆ ಇಲ್ಲಿನ ಇಲಿಗಳ ಬಟ್ಟಲಿಗೆ ಬರಬೇಕು. ಇಲಿಗಳು ತಿಂದು, ಬೆಳೆದು, ಮರಿ ಹಾಕಿ, ಎಲ್ಲೂ ಕುಗ್ಗದೆ ನಿಂತರೆ ಅವಳು ‘ಸುರಕ್ಷಿತ’ ಎಂದು ಬರೆದು ಸಹಿ ಹಾಕುತ್ತಾಳೆ.

“ಏನು ಮಾವ, ಅಳಿಯಂದಿರ ಉಪಚಾರ ಆಯ್ತಾ?” ಎಂದು ಕೇಳುತ್ತ ಅವಳು ಕೈಗವಸು ಹಾಕಿಕೊಂಡಳು.

ಇಲಿಮನೆ ನೋಡಿಕೊಳ್ಳುವವನನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ಅವನು ಇಲಿಗಳನ್ನು ಅಳಿಯಂದಿರು ಎನ್ನುತ್ತಿದ್ದ, ಅದಕ್ಕೆ.

“ಆಯ್ತು ಮೇಡಂ. ಎಡಗಡೆ ಬೀಗರದ್ದೂ ದೂರಿಲ್ಲ, ಬಲಗಡೆ ಬೀಗರದ್ದೂ ದೂರಿಲ್ಲ. ನನ್ನ ನಿಜವಾದ ಅಳಿಯನಿಗೆ ಇದರ ಎರಡರಷ್ಟು ಮಾಡಿದೀನಿ. ಅವನು ಕಚ್ತಾನೆ, ಇವು ಕಚ್ಚಲ್ಲ.”

ಎಡಗಡೆಯ ಸಾಲಿನ ಪಂಜರಗಳಲ್ಲಿದ್ದವು ಮಾಮೂಲಿ ಸೋಯಾ ಅವರೆ ತಿಂದು ಬೆಳೆದ ಇಲಿಗಳು. ಬಲಗಡೆಯವು ಹೊಸ ಸೋಯಾ ತಿಂದವು. ಹೊಸ ಸೋಯಾದ ವಂಶವಾಹಿಗೆ ಎಲ್ಲಿಂದಲೋ ತಂದ ಒಂದು ತುಣುಕನ್ನು ಸೇರಿಸಿದ್ದರು. ಅದರಿಂದ ಗಿಡಕ್ಕೆ ಒಂದು ಗುಣ ಬಂದಿತ್ತು: ಕಳೆನಾಶಕ ಮೈಮೇಲೆ ಬಿದ್ದರೂ ಅದು ಸಾಯುವುದಿಲ್ಲ. ಹೊಲಕ್ಕೆಲ್ಲ ಔಷಧಿ ಹೊಡೆದರೆ ಕಳೆಯಷ್ಟೇ ಒಣಗುತ್ತದೆ, ಸೋಯಾ ಹಸಿರಾಗಿಯೇ ನಿಲ್ಲುತ್ತದೆ.

ಪರೀಕ್ಷೆಯ ವಿಧಾನವನ್ನು ರೂಪಿಸಿದವಳು ಅವಳೇ. ಹೋಲಿಕೆ ಎಂದಮೇಲೆ ಎರಡು ಬಟ್ಟಲಿನ ನಡುವೆ ಒಂದೇ ಒಂದು ವ್ಯತ್ಯಾಸ ಇರಬೇಕು, ಅದು ಬೀಜದ್ದು ಎಂಬುದು ಅವಳ ಹಟ. ಎರಡೂ ಬೀಜಗಳನ್ನು ಅಕ್ಕಪಕ್ಕದ ತಾಕುಗಳಲ್ಲಿ ಒಂದೇ ದಿನ ಬಿತ್ತಿಸಿದ್ದಳು. ಒಂದೇ ಮಣ್ಣು, ಒಂದೇ ನೀರು, ಒಂದೇ ಗೊಬ್ಬರ. ಒಂದು ತಾಕಿನಲ್ಲಿ ಹೇಗೋ ಇನ್ನೊಂದರಲ್ಲೂ ಹಾಗೆಯೇ ಕೂಲಿಯವರು ಸಾಲಾಗಿ ಕುಳಿತು ಕೈಯಿಂದ ಕಳೆ ಕಿತ್ತಿದ್ದರು. ಆ ಅಚ್ಚುಕಟ್ಟಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ಬಾಗಿಲ ಸಂದಿಯಿಂದ ನಿರ್ದೇಶಕರು ಇಣುಕಿದರು. ಒಳಗೆ ಬರಲು ಅವರಿಗೆ ಇಷ್ಟವಿಲ್ಲ. ವಾಸನೆ ಕೋಟಿಗೆ ಹತ್ತುತ್ತದೆ.

“ಏನಂತಾವೆ ನಿಮ್ಮ ಪ್ರಜೆಗಳು?”

“ಎರಡು ಸಾಲಿಗೂ ವ್ಯತ್ಯಾಸವೇ ಇಲ್ಲ ಸರ್. ರಕ್ತ, ಯಕೃತ್ತು, ಮರಿಗಳು, ಎಲ್ಲ ಸರಿ ಇದೆ.”

“ಶಾಭಾಷ್! ಸೋಮವಾರ ಸಹಿ ಹಾಕಿಬಿಡಿ. ಮೇಲಿನವರು ದಿನಾ ಕೇಳ್ತಿದಾರೆ.”

ಭಾನುವಾರ ಅಕ್ಕನ ಮನೆಗೆ ಹೋಗಿಬರುತ್ತೇನೆ, ಬಂದವಳೇ ಸಹಿ ಹಾಕುತ್ತೇನೆ ಎಂದು ಅವಳು ನಗುತ್ತ ಹೇಳಿದಳು.

*

ಅಕ್ಕನಿಗೂ ಆ ಬೀಜದ ಪರಿಚಯವಿತ್ತು. ಅನುಮತಿ ಸಿಗುವ ಮುಂಚೆ ಇಳುವರಿ ನೋಡಲೆಂದು ಬೀಜದ ಸಂಸ್ಥೆಯವರು ಕೆಲವು ರೈತರ ಹೊಲದಲ್ಲಿ ಒಂದೊಂದು ತುಂಡಿನಲ್ಲಿ ಅದನ್ನು ಬೆಳೆಸಿದ್ದರು. ಅಂಥ ಒಂದು ತುಂಡು ಅಕ್ಕನ ಹೊಲದಲ್ಲೂ ಇತ್ತು. ಕೊಯ್ಲಾದ ಮೇಲೆ ಒಂದು ಕಾಳೂ ಹೊರಗೆ ಹೋಗದಂತೆ ಎಲ್ಲವನ್ನೂ ಸುಡಬೇಕು ಎಂಬುದು ಷರತ್ತು.

ಬಸ್ಸಿಳಿದು ಮನೆಯ ಕಡೆ ತಿರುಗುವಷ್ಟರಲ್ಲಿ ಅಕ್ಕ ಹೊಲದ ಬದುವಿನ ಮೇಲೇ ನಿಂತು ಕೂಗಿದಳು. “ಏ, ಮನೆಗೆ ಆಮೇಲೆ ಹೋಗುವೆಯಂತೆ, ಮೊದಲು ಇಲ್ಲಿ ಬಾರೇ! ನಿನ್ನ ಬೀಜದ ಪವಾಡ ನೋಡು!”

ಅವಳು ಬದು ಹತ್ತಿ ನಿಂತಳು.

ಹೊಲದ ನೆಲವೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಹುಲ್ಲು, ಸೊಪ್ಪು, ಬದುವಿನ ಪಕ್ಕದ ಹೆಸರಿಲ್ಲದ ಹೂವಿನ ಗಿಡಗಳು ಎಲ್ಲವೂ ಇದ್ದಲ್ಲೇ ಬಾಗಿ ಒಣಗಿದ್ದವು. ಕಾಲಿಟ್ಟರೆ ಚರಚರ ಸದ್ದಾಗುತ್ತಿತ್ತು. ಅದರ ನಡುವೆ ಸೋಯಾ ಗಿಡಗಳು ಮಾತ್ರ ಸಾಲಾಗಿ, ಎಣ್ಣೆ ಹಚ್ಚಿದಂತೆ ಹೊಳೆಯುತ್ತ ನಿಂತಿದ್ದವು, ಸಾವಿನ ಮನೆಗೆ ದಾರಿ ತಪ್ಪಿ ಬಂದ ದಿಬ್ಬಣದವರ ಹಾಗೆ. ಚಿಕ್ಕಂದಿನಲ್ಲಿ ಇಂಥ ಹೊಲಕ್ಕೆ ಇಳಿದರೆ ಕಾಲಬುಡದಿಂದ ಮಿಡತೆಗಳು ಹಾರುತ್ತಿದ್ದವು. ಇವತ್ತು ಅವಳು ಒಂದು ಸಾಲಿನ ಉದ್ದಕ್ಕೂ ನಡೆದಳು. ಏನೂ ಹಾರಲಿಲ್ಲ.

“ನೋಡಿದ್ಯಾ? ಒಂದೇ ಒಂದು ಕಳೆ ತೋರಿಸು, ನಿನ್ನ ಕಾಲಿಗೆ ಬೀಳ್ತೀನಿ,” ಎಂದಳು ಅಕ್ಕ. “ಕೈ ಕೆಸರಾಗದೇ ಬಾಯಿ ಮೊಸರಾಯ್ತು ನೋಡು!”

“ಬೇಲಿ ಮೇಲಿನ ಕುಂಬಳದ ಬಳ್ಳಿಗೆ ಏನಾಯ್ತಕ್ಕಾ?”

ಬಳ್ಳಿಯ ಎಲೆಗಳು ಬಿಳಿಚಿ, ಮುದುಡಿ, ಬೇಲಿಗೆ ಅಂಟಿಕೊಂಡಿದ್ದವು.

“ಅಯ್ಯೋ, ಗಾಳಿಗೆ ಔಷಧಿ ಸ್ವಲ್ಪ ಆ ಕಡೆ ಹೋಯ್ತು. ಹೋಗ್ಲಿ ಬಿಡು, ಕುಂಬಳ ಯಾರಿಗೆ ಬೇಕಾಗಿತ್ತು. ಮೊನ್ನೆ ಇನ್ನೊಂದು ಸಲ ಹೊಡೆದ್ವಿ.”

“ಕಾಯಿ ಬಿಟ್ಟ ಮೇಲಾ?”

“ಬಿಟ್ರೆ ಏನು? ಗಿಡಕ್ಕೆ ಏನೂ ಆಗಲ್ಲ ಅಂತ ಅವರೇ ಹೇಳಿದ್ರಲ್ಲ. ಮುಂಚೆ ಆದ್ರೆ ಎಲ್ಲಿ ಬೆಳೆ ಸುಟ್ಟುಹೋಗತ್ತೋ ಅಂತ ಕೈ ನಡುಗೋದು. ಈಗ ಆ ಹೆದರಿಕೆ ಇಲ್ಲ, ಕೈ ಧಾರಾಳ.”

ಅವಳು ಒಂದು ಎಲೆಯನ್ನು ಬೆರಳಿನಿಂದ ಮುಟ್ಟಿದಳು. ಮುಟ್ಟಿದ ಬೆರಳನ್ನು ಮೂಗಿನ ಹತ್ತಿರ ತಂದಳು. ಹಳೆಯ ಸೀಸೆಯ ಮುಚ್ಚಳ ತೆಗೆದಂಥ ವಾಸನೆ.

ಇದನ್ನು ತನ್ನ ಇಲಿಗಳು ತಿಂದಿಲ್ಲ.

ಅವು ತಿಂದದ್ದು ಕೈಯಿಂದ ಕಳೆ ಕಿತ್ತ ತಾಕಿನ ಕಾಳು. ಅಲ್ಲಿ ಒಂದು ಹನಿ ಕಳೆನಾಶಕ ಬಿದ್ದಿರಲಿಲ್ಲ, ಬೀಳುವಂತೆಯೂ ಇರಲಿಲ್ಲ. ಹೋಲಿಕೆಗೆಂದು ಬೆಳೆದ ಮಾಮೂಲಿ ಸೋಯಾಕ್ಕೆ ಅದನ್ನು ಹೊಡೆದರೆ ಸತ್ತೇಹೋಗುತ್ತದೆ. ಒಂದಕ್ಕೆ ಮಾಡದ್ದನ್ನು ಇನ್ನೊಂದಕ್ಕೂ ಮಾಡಬಾರದು ಎಂದು ಎರಡಕ್ಕೂ ಬೇಡವೆಂದವಳು ಅವಳೇ. ನ್ಯಾಯವಾದ ಹೋಲಿಕೆ. ಆದರೆ ಈ ಬೀಜ ಹುಟ್ಟಿದ್ದೇ ಔಷಧಿ ಹೊಡೆಸಿಕೊಳ್ಳಲಿಕ್ಕೆ. ಹೊಡೆಯದೆ ಇದನ್ನು ಬೆಳೆಯುವ ರೈತ ಯಾರೂ ಇರುವುದಿಲ್ಲ. ಎಲೆಯ ಮೇಲೆ ಬಿದ್ದದ್ದು ಎಲೆಯಲ್ಲೇ ಕೂರುವುದೂ ಇಲ್ಲ. ಗಿಡದ ನಾಳಗಳಲ್ಲಿ ಹರಿದು ಬೇರಿಗೆ, ಚಿಗುರಿಗೆ, ತುಂಬುತ್ತಿರುವ ಕಾಳಿಗೆ ಹೋಗುತ್ತದೆ. ಎಷ್ಟು ಹೋಗುತ್ತದೆ? ಅಲ್ಲಿ ಏನಾಗಿ ಉಳಿಯುತ್ತದೆ? ಇದೆಲ್ಲ ಅವಳಿಗೆ ಗೊತ್ತಿರದ ಸಂಗತಿಯಲ್ಲ. ಗೊತ್ತಿತ್ತು, ಆದರೆ ಇವತ್ತಿನವರೆಗೆ ಕಂಡಿರಲಿಲ್ಲ.

“ಏನೇ, ಮುಖ ಯಾಕೆ ಹಾಗೆ ಬಿಳಿಚ್ಕೊಂಡಿದೆ? ಬಿಸಿಲಾ? ನಡಿ, ಒಳಗೆ ನಡಿ,” ಎಂದು ಅಕ್ಕ ಸೊಂಟದ ಮೇಲೆ ಕೈಯಿಟ್ಟು ಮುಂದೆ ನಡೆದಳು. ಅವಳ ನಡಿಗೆ ಒಂದು ಕಡೆಗೆ ವಾಲುತ್ತಿತ್ತು. ಹುಡುಗಿಯಾಗಿದ್ದಾಗಿನಿಂದ ಬಗ್ಗಿ ಕಳೆ ಕಿತ್ತು ಕಿತ್ತು ಸೊಂಟ ಹಾಗೆಯೇ ಉಳಿದುಬಿಟ್ಟಿತ್ತು.

*

ಅಡುಗೆಮನೆಯ ಮೇಜಿನ ಮುಂದೆ ಅಕ್ಕನ ಮಗಳು ಕುರ್ಚಿಯಲ್ಲಿ ಹಿಂದಕ್ಕೊರಗಿ ಕುಳಿತಿದ್ದಳು. ಚೊಚ್ಚಲ ಬಸುರಿ, ಏಳು ತುಂಬಿತ್ತು. ಅವಳ ಮುಂದಿನ ತಟ್ಟೆಯ ತುಂಬ ಉಪ್ಪುನೀರಿನಲ್ಲಿ ಬೇಯಿಸಿದ ಎಳೆಯ ಸೋಯಾ ಕಾಯಿಗಳಿದ್ದವು. ಒಂದೊಂದನ್ನೇ ಹಲ್ಲಿನಿಂದ ಸೀಳಿ ಕಾಳನ್ನು ಬಾಯಿಗೆ ಎಳೆದುಕೊಳ್ಳುತ್ತಿದ್ದಳು.

“ಬಾ ಚಿಕ್ಕಮ್ಮ. ಎದ್ದೇಳಲ್ಲ, ಬೇಜಾರ್ ಮಾಡ್ಕೋಬೇಡ. ಎದ್ರೆ ಮತ್ತೆ ಕೂರೋದು ಒಂದು ದೊಡ್ಡ ಕೆಲಸ.”

“ಇದು ಯಾವ ಕಾಯಿ?”

ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಅದೇ ತುಂಡಿಂದು. ಎಲ್ಲಾ ಸುಡಬೇಕಂತೆ. ಇಷ್ಟು ಚೆನ್ನಾಗಿರೋದನ್ನ ಯಾವ ಕೈಲಿ ಸುಡ್ಲಿ ಹೇಳು? ಇವಳಿಗೆ ಬೇರೆ ಏನೂ ಬಾಯಿಗೆ ಹಿಡಿಸ್ತಿಲ್ಲ. ಇದೊಂದೇ. ಕಾಯಿ ಎಳೆದಾಗಿದ್ದಾಗಿಂದ ದಿನಾ ತಿಂತಿದಾಳೆ.”

“ಅಕ್ಕಾ, ಇನ್ನೂ ಅನುಮತಿ ಬಂದಿಲ್ಲ...”

“ಅನುಮತಿ ಕೊಡೋಳು ನೀನೇ ಅಲ್ವೇನೇ? ಇಲಿಗಳಿಗೆ ಏನೂ ಆಗಿಲ್ಲ, ಗುಂಡುಗುಂಡಾಗಿವೆ ಅಂತ ಫೋನಲ್ಲಿ ನೀನೇ ಹೇಳಿದೆ. ಬೇರೆ ಯಾರಾದ್ರೂ ಹೇಳಿದ್ರೆ ನಾನು ಮುಟ್ತಿರಲಿಲ್ಲ. ನನ್ನ ತಂಗಿ ನೋಡಿದಾಳೆ, ಇನ್ನೇನು ಬೇಕು ಅಂತ ಧೈರ್ಯವಾಗಿ ಬೇಯಿಸಿದೆ.”

ಅಕ್ಕ ಬಿಸಿಬಿಸಿ ಕಾಯಿಗಳನ್ನು ಇನ್ನೊಂದು ತಟ್ಟೆಗೆ ಸುರಿದು ತಂಗಿಯ ಮುಂದಿಟ್ಟಳು. “ತಿನ್ನು. ನಿನಗೆ ಅಂತಲೇ ಕಿತ್ತಿದ್ದು.”

ಅವಳು ಕೈ ಚಾಚಿದಳು. ಅಕ್ಕ ಇಟ್ಟದ್ದನ್ನು ಬೇಡವೆಂದ ಅಭ್ಯಾಸವೇ ಅವಳಿಗಿರಲಿಲ್ಲ. ಬೆರಳುಗಳು ಕಾಯಿಯ ಹತ್ತಿರ ಹೋದವು. ಹೋಗಿ, ತಟ್ಟೆಯ ಮೇಲೆ ಹಾಗೆಯೇ ನಿಂತವು.

ಅವಳು ನಿಲ್ಲಿಸಿದ್ದಲ್ಲ. ಕೈ ತಾನಾಗಿ ನಿಂತಿತ್ತು. ಉಪ್ಪಿನ ಹಬೆ ಬೆರಳಿಗೆ ತಾಗುತ್ತಿತ್ತು. ಏನಾದರೂ ಹೇಳಿ ನಕ್ಕುಬಿಡಬೇಕು ಎಂದುಕೊಂಡಳು, ನಗು ಬರಲಿಲ್ಲ. ಹಸಿವಿಲ್ಲ ಎನ್ನಬಹುದಿತ್ತು.

ಅಕ್ಕನ ಮಗಳು ಅಗಿಯುವುದನ್ನು ನಿಲ್ಲಿಸಿದಳು.

“ಚಿಕ್ಕಮ್ಮ? ಯಾಕೆ ತಿಂತಿಲ್ಲ?”

“ಏನಿಲ್ಲ... ಬಿಸಿ.”

“ಬಿಸಿ ಆದ್ರೆ ಊದ್ಕೊಂಡು ತಿನ್ನು. ಯಾಕೆ ತಿಂತಿಲ್ಲ ಹೇಳು.” ಅವಳ ಒಂದು ಕೈ ಅವಳಿಗೇ ತಿಳಿಯದಂತೆ ಹೊಟ್ಟೆಯ ಮೇಲೆ ಬಂದು ಕುಳಿತಿತ್ತು. “ಅಮ್ಮಾ, ಚಿಕ್ಕಮ್ಮನ ಮುಖ ನೋಡು.”

ಅವಳು ಹೇಳಬೇಕಾಯಿತು. ತಾನು ಇಲಿಗಳಿಗೆ ಹಾಕಿದ್ದು ಔಷಧಿ ಹೊಡೆಯದ ಕಾಳು, ಹೊಡೆದದ್ದನ್ನು ಯಾವ ಇಲಿಯೂ ತಿಂದಿಲ್ಲ ಎಂಬುದನ್ನು ಆದಷ್ಟು ಮೆಲ್ಲಗೆ, ಆದಷ್ಟು ಸಣ್ಣ ಮಾತಿನಲ್ಲಿ ಹೇಳಿದಳು. ಮಾತು ಎಷ್ಟು ಸಣ್ಣದಾಯಿತೋ ಆ ಕೋಣೆಯಲ್ಲಿ ಭಯ ಅಷ್ಟು ದೊಡ್ಡದಾಯಿತು.

“ಅಂದ್ರೆ ಇದರಲ್ಲಿ ವಿಷ ಇದೆಯಾ?” ಎಂದಳು ಅಕ್ಕನ ಮಗಳು.

“ಹಾಗೆ ಹೇಳ್ತಿಲ್ಲ ಕಣೇ. ಏನೂ ಇಲ್ಲದೇನೂ ಇರಬಹುದು. ಇದ್ರೂ ಏನೂ ಆಗದೇ ಇರೋವಷ್ಟು ಕಮ್ಮಿ ಇರಬಹುದು.”

“ಇರಬಹುದು, ಇರಬಹುದು! ಏನಿದೆ ಹೇಳು ಚಿಕ್ಕಮ್ಮ!”

“ನನಗೆ ಗೊತ್ತಿಲ್ಲ.”

ಅಕ್ಕ ಎರಡು ತಟ್ಟೆಗಳನ್ನೂ ಎಳೆದುಕೊಂಡಳು.

“ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ,” ಎಂದಳು. “ನಾಳೆ ಸಹಿ ಹಾಕ್ತೀನಿ ಅಂತ ಫೋನಲ್ಲಿ ಅಂದ್ಯಲ್ಲ. ತಿನ್ನೋಕೆ ಬಾರದ ಕೈಗೆ ಸಹಿ ಹಾಕೋಕೆ ಹೇಗೆ ಬರತ್ತೆ?”

*

ಸೋಮವಾರ ನಿರ್ದೇಶಕರು ಪೂರ್ತಿ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ. ಮೇಜಿನ ಮೇಲಿನ ಪೆನ್ನನ್ನು ಉರುಳಿಸುತ್ತ ಕೇಳಿದರು. ಆಮೇಲೆ ಕನ್ನಡಕ ತೆಗೆದಿಟ್ಟರು.

“ಪರೀಕ್ಷೆಯ ವಿಧಾನ ಬರೆದೋರು ಯಾರು?”

“ನಾನೇ ಸರ್.”

“ತಜ್ಞರ ಸಮಿತಿ ಒಪ್ಪಿತ್ತು. ನಾನೂ ಒಪ್ಪಿದ್ದೆ. ಆಗ ಯಾರಿಗೂ ಹೊಳೀಲಿಲ್ಲ. ಈಗ ನೀವು ಒಂದು ಹೊಲ ನೋಡ್ಕೊಂಡು ಬಂದು, ಗುಂಗಿಹುಳ ಕಿವಿಗೆ ಹೊಕ್ಕೋರ ಹಾಗೆ ಆಡ್ತಿದೀರ. ಔಷಧಿ ಪರೀಕ್ಷೆಗೆ ಬೇರೆ ಕಚೇರಿ ಇದೆ. ಕಾಳಲ್ಲಿ ಎಷ್ಟು ಉಳಿದ್ರೆ ಪರವಾಗಿಲ್ಲ ಅಂತ ಅವರು ಅಳತೆ ಹಾಕಿದಾರೆ. ನಮ್ಮ ಕೆಲಸ ಬೀಜ. ಅಷ್ಟೇ.”

“ಅವರು ಔಷಧೀನ ಒಂಟಿಯಾಗಿ ನೋಡಿದ್ರು. ನಾವು ಬೀಜಾನ ಒಂಟಿಯಾಗಿ ನೋಡಿದ್ವಿ. ಗಂಡು ನೋಡಿದೋರು ಬೇರೆ, ಹೆಣ್ಣು ನೋಡಿದೋರು ಬೇರೆ. ಇಬ್ಬರೂ ಒಳ್ಳೇವ್ರು ಅಂತ ಬರೆದುಕೊಟ್ವಿ. ಸಂಸಾರ ಹೇಗಿರತ್ತೆ ಅಂತ ನೋಡಿದೋರು ಯಾರು ಸರ್?”

ನಿರ್ದೇಶಕರಿಗೆ ನಗು ಬಂತು, ತಡೆದುಕೊಂಡರು. “ಮಾತೇನೋ ಚೆನ್ನಾಗಿದೆ. ನನ್ನದೂ ಒಂದು ಕೇಳಿ. ನಮ್ಮಮ್ಮ ಕೂಲಿಗೆ ಕಳೆ ಕೀಳೋಕೆ ಹೋಗ್ತಿದ್ರು. ಸಂಜೆ ಬಂದ್ರೆ ನೆಟ್ಟಗೆ ಮಲಗೋಕೆ ಆಗ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡೋರು. ಅಂಥ ಹೆಂಗಸರು ಎಷ್ಟು ಜನ ಇದಾರೆ ಗೊತ್ತಾ? ನಿಮ್ಮ ‘ಗೊತ್ತಿಲ್ಲ’ಕ್ಕೋಸ್ಕರ ಅವರು ಇನ್ನೂ ಎಷ್ಟು ವರ್ಷ ಬಗ್ಗಿರಬೇಕು? ನಾಳೆ ಏನೂ ಇಲ್ಲ ಅಂತ ಗೊತ್ತಾದ್ರೆ ಆ ಸೊಂಟಗಳನ್ನ ನೀವು ವಾಪಸ್ ಕೊಡ್ತೀರಾ?”

ವಾಲಿಕೊಂಡು ಮುಂದೆ ನಡೆಯುತ್ತಿದ್ದ ಅಕ್ಕ ಅವಳ ಕಣ್ಣ ಮುಂದೆ ಬಂದಳು.

“ಒಂದು ಹೊಲ ನೋಡಿದ್ದಕ್ಕೆ ಇಷ್ಟು ಹೆದರಿಕೆಯಾ?” ಎಂದು ಅವರು ಸ್ವಲ್ಪ ಮೆತ್ತಗಾಗಿ ಕೇಳಿದರು.

ಹೇಳಿದರೆ ಅಕ್ಕ ಷರತ್ತು ಮುರಿದದ್ದು ಬಯಲಾಗುತ್ತದೆ. ಹೇಳದಿದ್ದರೆ ತನ್ನ ಭಯಕ್ಕೆ ಅರ್ಥವೇ ಇರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಹೊಲ ನೋಡಿ ಅಲ್ಲ ಸರ್. ತಟ್ಟೆ ನೋಡಿ. ಅಕ್ಕನ ಮಗಳು ತಿಂತಿದಾಳೆ. ಏಳು ತಿಂಗಳು ತುಂಬಿದೆ. ನಾನು ಪರೀಕ್ಷೆ ಮಾಡಿದೀನಿ ಅನ್ನೋ ಧೈರ್ಯದ ಮೇಲೆ ತಿಂದಿದಾಳೆ.”

ಉರುಳುತ್ತಿದ್ದ ಪೆನ್ನು ನಿಂತಿತು. ನಿರ್ದೇಶಕರು ಕಿಟಕಿಯ ಕಡೆ ನೋಡಿದರು. “ಸಂಜೆಯೊಳಗೆ ವರದಿ ನನ್ನ ಮೇಜಿನ ಮೇಲಿರಲಿ,” ಎಂದರಷ್ಟೆ.

ಮಧ್ಯಾಹ್ನ ಅಕ್ಕನ ಮಗಳ ಫೋನು ಬಂತು. ದನಿ ಚಿಕ್ಕದಾಗಿತ್ತು, ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ.

“ಚಿಕ್ಕಮ್ಮ, ಬೆಳಗ್ಗೆಯಿಂದ ಅದು ಜಾಸ್ತಿ ಒದೀತಿಲ್ಲ.”

“ಡಾಕ್ಟ್ರ ಹತ್ರ ಹೋದ್ರಾ?”

“ಈಗ ಅಲ್ಲಿಂದಲೇ ಮಾತಾಡ್ತಿದೀನಿ. ಎಲ್ಲಾ ಸರಿ ಇದೆಯಂತೆ. ಮಗು ನಿದ್ದೆ ಮಾಡ್ತಿದೆಯಂತೆ. ‘ಯಾಕಮ್ಮಾ ಇಷ್ಟು ಹೆದರ್ತೀಯ’ ಅಂತ ಬೈದ್ರು. ಇನ್ನು ಅದು ಮಲಗಿದ್ರೂ ಹೆದರಿಕೆ, ಎದ್ರೂ ಹೆದರಿಕೆ. ನಿನ್ನೆ ನೀನು ಬರದೇ ಇದ್ದಿದ್ರೆ ಚೆನ್ನಾಗಿರ್ತಿತ್ತು ಅನ್ಸತ್ತೆ.”

“ತಪ್ಪು ನನ್ನದೇ ಕಣೇ.”

“ತಪ್ಪು ಯಾರದು ಅಂತ ಕೇಳೋಕೆ ಫೋನ್ ಮಾಡ್ಲಿಲ್ಲ. ನಿನಗೆ ಗೊತ್ತಿಲ್ಲ ಅಂದ್ಯಲ್ಲ, ಅದನ್ನ ನಿಮ್ಮ ವರದೀಲಿ ಬರೀತೀಯಾ? ‘ಗೊತ್ತಿಲ್ಲ’ ಅಂತ ಬರೆಯೋಕೆ ಅದರಲ್ಲಿ ಜಾಗ ಇರತ್ತಾ?”

ಅವಳು ಫೋನ್ ಇಟ್ಟು ವರದಿಯ ಕೊನೆಯ ಪುಟ ತೆಗೆದಳು. ‘ಸುರಕ್ಷಿತ’ ಎಂಬ ಪದ ಆಗಲೇ ಅಲ್ಲಿ ಅಚ್ಚಾಗಿ ಕುಳಿತಿತ್ತು. ಇಷ್ಟು ವರ್ಷಗಳಲ್ಲಿ ಆ ಪದ ಬೆರಳ ತುದಿಯಿಂದ ತಾನಾಗಿ ಇಳಿದುಬರುತ್ತಿತ್ತು. ಅದನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ, ಹಿಂದೆಂದೂ ಬರೆದಿರದ ಒಂದು ಮಾತನ್ನು ಬರೆದಳು:

‘ಈ ಪರೀಕ್ಷೆಯಲ್ಲಿ ಇಲಿಗಳು ತಿಂದದ್ದು ಕಳೆನಾಶಕ ಸಿಂಪಡಿಸದೆ ಬೆಳೆದ ಕಾಳು. ಜನರು ತಿನ್ನಲಿರುವುದು ಸಿಂಪಡಿಸಿ ಬೆಳೆದ ಕಾಳು. ಅದರ ಬಗ್ಗೆ ನಮಗೆ ಗೊತ್ತಿಲ್ಲ.’

ಅದರ ಕೆಳಗೆ ಸಹಿ ಹಾಕಿದಳು. ಈ ಸಲ ಕೈ ನಿಲ್ಲಲಿಲ್ಲ.

*

ಆಮೇಲಿನ ದಿನಗಳು ಒದ್ದೆ ಬಟ್ಟೆಯಂತೆ ಭಾರವಾಗಿದ್ದವು. ವರದಿ ಏನಾಯಿತೆಂದು ಯಾರೂ ಹೇಳಲಿಲ್ಲ. ಊಟದ ಕೋಣೆಗೆ ಅವಳು ಕಾಲಿಟ್ಟರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. “ಅಷ್ಟು ಒಳ್ಳೇ ಪರೀಕ್ಷೆಗೆ ತಾನೇ ಕಲ್ಲು ಹಾಕ್ಕೊಂಡ್ರು,” ಎಂದು ಕಿರಿಯನೊಬ್ಬ ಇನ್ನೊಬ್ಬನಿಗೆ ಹೇಳಿದ್ದು ಮೆಟ್ಟಿಲಲ್ಲಿ ಕಿವಿಗೆ ಬಿತ್ತು. ಒಮ್ಮೆ ನಿರ್ದೇಶಕರು ಕಚೇರಿಗೇ ಬರಲಿಲ್ಲ. ಎಲ್ಲಿ ಹೋದರೆಂದು ಕೇಳುವ ಧೈರ್ಯವಾಗಲಿಲ್ಲ. ಮೇಲಿನವರು ಕರೆಸಿರಬೇಕು, ತನ್ನ ಕೆಲಸದ ಬಗ್ಗೆಯೇ ಇರಬೇಕು ಎಂದುಕೊಂಡಳು. ಅಕ್ಕನ ಮನೆಗೆ ಅಧಿಕಾರಿಗಳು ಹೋದರೆ? ಫೋನು ಗುನುಗಿದರೆ ಸಾಕು, ಅಕ್ಕನ ಹೆಸರಿದೆಯೇ ಎಂದು ಮೊದಲು ನೋಡುತ್ತಿದ್ದಳು.

ಎಲ್ಲದಕ್ಕಿಂತ ಹೆಚ್ಚಿಗೆ ಅವಳನ್ನು ಕಾಡಿದ್ದು ಇನ್ನೊಂದು ಭಯ. ತಾನು ಹೇಳಿದ್ದು ಹುಸಿಯಾದರೆ? ಆ ಕಾಳಿನಲ್ಲಿ ಏನೂ ಇಲ್ಲದಿದ್ದರೆ, ಒಬ್ಬ ಬಸುರಿಯ ನಿದ್ದೆಯನ್ನು ಸುಮ್ಮನೆ ಕಿತ್ತುಕೊಂಡಂತಾಗುತ್ತದೆ. ಏನಾದರೂ ಇದ್ದರೆ? ಆ ಪ್ರಶ್ನೆಯನ್ನು ಅವಳ ಮನಸ್ಸು ಮುಗಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಇಲಿಮನೆಯ ಹೊರಗಿನ ಕಟ್ಟೆಯಲ್ಲಿ ನೀರಿನ ಸದ್ದಾಯಿತು. ಮಾವ ಪ್ಯಾಂಟನ್ನು ಮಂಡಿಗೆ ಮಡಚಿ ಹಳೆಯ ಪಂಜರಗಳನ್ನು ಉಜ್ಜುತ್ತಿದ್ದ.

“ಇದೇನು ಮಾವ?”

“ಮೂರನೇ ಬೀಗರು ಬರ್ತಾರಂತೆ ಮೇಡಂ. ಸಾಹೇಬ್ರು ಹೇಳಿದ್ರು. ಎರಡು ಮನೆ ಅಳಿಯಂದಿರನ್ನ ಸಂಭಾಳಿಸೋದೇ ಸಾಕಾಗಿದೆ, ಇನ್ನೊಂದು ಸಾಲಂತೆ!”

ಅವಳು ಅಲ್ಲಿಂದ ನೇರವಾಗಿ ನಿರ್ದೇಶಕರ ಕೋಣೆಗೆ ಹೋದಳು. ಬಾಗಿಲ ಪಕ್ಕದಲ್ಲಿ ಅವರ ಬೂಟುಗಳಿದ್ದವು. ಅಂಚಿನವರೆಗೂ ಒಣಗಿದ ಮಣ್ಣು.

“ನಿಮ್ಮಕ್ಕನ ಹೊಲಕ್ಕೆ ಹೋಗಿದ್ದೆ,” ಎಂದರು ಅವರು, ಕಾಗದದಿಂದ ತಲೆಯೆತ್ತದೆ. “ಆ ತುಂಡಿನ ಬೆಳೆ ಸುಡೋದು ಬೇಡ, ಮೂಟೆ ಕಟ್ಟಿ ಮೊಹರು ಹಾಕಿಸಿ ಇಲ್ಲಿಗೆ ಕಳಿಸಿ ಅಂತ ಬರೆದಿದೀನಿ. ಕಾಳಲ್ಲಿ ಎಷ್ಟು ಔಷಧಿ ಉಳಿದಿದೆ ಅಂತ ನೋಡೋಣ. ಜೊತೆಗೇ ಇಲಿಗಳಿಗೂ ಹಾಕೋಣ. ವರದಿ ನಿಮ್ಮ ಮಾತಿನ ಸಮೇತ ಮೇಲೆ ಹೋಗಿದೆ. ಬೈಗುಳ ಬರತ್ತೆ. ಇಬ್ಬರೂ ಹಂಚ್ಕೊಳ್ಳೋಣ.”

“ಅಕ್ಕ ಏನಾದ್ರೂ ಅಂದಳಾ ಸರ್?”

“ಘಾಟಿ ಹೆಂಗಸು ನಿಮ್ಮಕ್ಕ. ನೀರು ಕೇಳಿದ್ರೆ ನೀರಿನ ಜೊತೆ ಒಂದು ತಟ್ಟೆ ಬೇಯಿಸಿದ ಕಾಯಿ ತಂದಿಟ್ರು. ‘ತಗೊಳ್ಳಿ ಸಾಹೇಬ್ರೆ, ನಿಮ್ಮ ಕಚೇರಿಯೋರು ಸುರಕ್ಷಿತ ಅಂದಿರೋ ಕಾಳು’ ಅಂದ್ರು. ಎದುರಿಗೇ ನಿಂತ್ಕೊಂಡ್ರು, ಕದಲಲಿಲ್ಲ.”

“ತಿಂದ್ರಾ ಸರ್?”

ನಿರ್ದೇಶಕರು ಕನ್ನಡಕವನ್ನು ಒರೆಸಿದರು. ಒಂದು ಕಡೆ, ಇನ್ನೊಂದು ಕಡೆ.

“ಪಂಜರ ತೊಳೆಸ್ತಿದೀನಲ್ಲ,” ಎಂದರು.

*

ಕೊಯ್ಲು ಮುಗಿದ ಮೇಲೆ ಮೂಟೆಗಳು ಬಂದವು. ಮೊಹರು ಹಾಕಿದ ಅಧಿಕಾರಿಯ ಜೊತೆ ಸಾಮಾನಿನ ಗಾಡಿಯ ಮುಂದಿನ ಸೀಟಿನಲ್ಲಿ ಅಕ್ಕನೂ ಕುಳಿತು ಬಂದಿದ್ದಳು. ಇಳಿಯುವಾಗ ಬಾಗಿಲನ್ನು ಹಿಡಿದುಕೊಂಡು, ಹಲ್ಲು ಕಚ್ಚಿ ಸೊಂಟ ನೆಟ್ಟಗೆ ಮಾಡಿಕೊಂಡಳು.

“ಅವಳು ಹೇಗಿದಾಳಕ್ಕಾ?”

“ದಿನ ತುಂಬಿದೆ. ಇವತ್ತೋ ನಾಳೆಯೋ. ಏನು ಕೊಟ್ರೂ ತಟ್ಟೆ ಕಡೆ ನೋಡ್ತಾಳೆ, ಆಮೇಲೆ ನನ್ನ ಮುಖ ನೋಡ್ತಾಳೆ, ಆಮೇಲೆ ತಿಂತಾಳೆ. ಬಸುರಿ ಅಲ್ಲ, ತನಿಖೆ ಅಧಿಕಾರಿ ಆಗಿದಾಳೆ.” ಅಕ್ಕ ನಕ್ಕಳು. ನಗು ಕಣ್ಣಿನವರೆಗೆ ಹೋಗಲಿಲ್ಲ. “ನಾನು ಮತ್ತೆ ಕಳೆ ಕೀಳೋಕೆ ಕೂತಿದೀನಿ. ಕೈ ಪೂರ್ತಿ ಕೆಸರು. ಮೊಸರು ಎಲ್ಲಿದೆಯೋ ನೋಡ್ಬೇಕು.”

“ನನ್ನ ಮೇಲೆ ಕೋಪಾನಾ?”

“ಇದೆ. ನಿನ್ನ ಮೇಲೆ ಇಲ್ಲದೆ ಇನ್ಯಾರ ಮೇಲಿರಬೇಕು?” ಅಕ್ಕ ಒಂದು ಮೂಟೆಯ ಮೇಲೆ ಅಂಗೈ ಇಟ್ಟಳು. “ಒಂದು ಮಾತು. ಇದರಲ್ಲಿ ಏನೂ ಇಲ್ಲ ಅಂತ ಬಂದ್ರೆ ಮೊದಲು ನನಗೆ ಫೋನ್ ಮಾಡು. ಈ ಸೊಂಟಕ್ಕೆ ಅದು ಬೇಕು. ಇದೆ ಅಂತ ಬಂದ್ರೆ...”

“ಬಂದ್ರೆ?”

“ಆಗಲೂ ಮೊದಲು ನನಗೇ ಹೇಳು. ಅವಳಿಗೆ ನಾನು ಹೇಳ್ತೀನಿ.”

ಔಷಧಿಯ ಅಳತೆಗೆ ಒಂದು ಪಾಲು ತೆಗೆದಿಟ್ಟು, ಉಳಿದ ಕಾಳನ್ನು ಹುರಿದು, ಹಿಟ್ಟು ಮಾಡಿ, ಇಲಿಗಳಿಗೆ ಹಾಕುವ ಉಂಡೆ ಕಟ್ಟಿದ್ದಾಯಿತು. ಮೂರನೆಯ ಸಾಲಿನ ಮೊದಲ ಪಂಜರದ ಬಟ್ಟಲನ್ನು ಮಾವನ ಕೈಯಿಂದ ಅವಳೇ ತೆಗೆದುಕೊಂಡಳು. ಮಾವ ತಮಾಷೆ ಮಾಡಲಿಲ್ಲ. ಬಾಗಿಲ ಸಂದಿಯಲ್ಲಿ ನಿರ್ದೇಶಕರ ಕೋಟಿನ ಅಂಚು ಕಂಡಿತು. ಈ ಸಲ ಅವರು ವಾಸನೆಯನ್ನು ಲೆಕ್ಕಿಸದೆ ಒಳಗೆ ಬಂದು ನಿಂತರು.

ಮೂಲೆಯಲ್ಲಿ ಮುದುಡಿ ಕುಳಿತಿದ್ದ ಹೆಣ್ಣಿಲಿ ಮೀಸೆ ಅಲುಗಿಸಿತು. ಅದೂ ಗಬ್ಬವಾಗಿತ್ತು, ಈ ಸಾಲಿಗೆ ಮೊದಲು ಅಂಥವನ್ನೇ ಆರಿಸಬೇಕೆಂದು ಬರೆದವಳು ಅವಳು. ಇಲಿ ತಲೆಯೆತ್ತಿ ಅವಳ ಕೈಯನ್ನು ನೋಡಿತು. ಊಟ ತಂದ ಕೈ. ಮೆಲ್ಲಗೆ ಬಂದು, ಬಟ್ಟಲಿನಿಂದ ಒಂದು ಉಂಡೆಯನ್ನು ಎತ್ತಿಕೊಂಡು, ಹಿಂಗಾಲುಗಳ ಮೇಲೆ ಕುಳಿತು, ಎರಡು ಪುಟ್ಟ ಕೈಗಳಲ್ಲಿ ಅದನ್ನು ಹಿಡಿದು ತಿನ್ನತೊಡಗಿತು.

ಮೂವರೂ ನೋಡುತ್ತಿದ್ದರು. ಅದರ ಕೈ ಎಲ್ಲೂ ನಿಲ್ಲಲಿಲ್ಲ.